ಗುಂಡಿಗೆ ಇಳಿಯುವವರ ಯೇಸು

ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದಿಂದ ಕರೆಂಟು ಬಂದದ್ದು 1902ರಲ್ಲಿ. ಬೆಂಗಳೂರಿನ ಬೀದಿದೀಪಗಳಿಗಿಂತ ಮೊದಲೇ ಕೆಜಿಎಫ್‌ನಲ್ಲಿ ವಿದ್ಯುತ್ತಿತ್ತು. ಮನುಷ್ಯರನ್ನು ಭೂಮಿಯ ಹೊಟ್ಟೆಗೆ ಇಳಿಸಿ ಮೇಲೆತ್ತುವ ಯಂತ್ರಗಳಿದ್ದವು, ಬಂಡೆ ಸೀಳಿ ಚಿನ್ನ ತೆಗೆಯುವ ವಿದ್ಯೆಯಿತ್ತು. ಅಂಥ ಊರಿನಲ್ಲಿ ಕಾರ್ಮಿಕರ ಲೈನುಗಳಿಗೆ ಕಟ್ಟಿಸಿಕೊಟ್ಟದ್ದು ನೀರಿಲ್ಲದ ಒಣ ಕಕ್ಕಸು. ಅದರೊಳಗಿನ ಮಲವನ್ನು ಬಾಚಿ, ಬಕೆಟ್ಟಿಗೆ ತುಂಬಿ ಸಾಗಿಸಲು ಯಾರೂ ಯಂತ್ರ ತರಿಸಲಿಲ್ಲ. ದಲಿತರ ಕೈಗಳಿದ್ದವಲ್ಲ, ಸಾಕಾಯಿತು. ಆ ಊರಿನಲ್ಲಿ ಚರ್ಚುಗಳಿಗೂ ಕೊರತೆಯಿರಲಿಲ್ಲ. ಭಾನುವಾರ ಗಂಟೆ ಬಾರಿಸಿದಾಗ ಒಗೆದ ಬಟ್ಟೆ ತೊಟ್ಟು ಬಂದು ಕೂರುತ್ತಿದ್ದವರಲ್ಲಿ ಕೆಲವರು ಸೋಮವಾರ ಬೆಳಗಾದರೆ ಅದೇ ಬಕೆಟ್ಟು ಹಿಡಿಯುತ್ತಿದ್ದರು.

ಅಂಥದೊಂದು ದಲಿತ ಕ್ರೈಸ್ತ ಮನೆಯಲ್ಲಿ 1966ರಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ತಂದೆಯದು ಅದೇ ಕೆಲಸ, ಅಣ್ಣನದೂ ಅದೇ. ಕಿರಿಯ ಮಗನಿಗೆ ತಿಳಿಯದಂತೆ ಮನೆಯವರು ಅದನ್ನು ಮುಚ್ಚಿಟ್ಟಿದ್ದರು. ಓದಿಕೊಂಡು ಉದ್ಯೋಗಕ್ಕೆ ಹೆಸರು ನೋಂದಾಯಿಸಲು ಹೋದರೆ, ಅಲ್ಲಿದ್ದವರು ಅವರ ಜಾತಿ ನೋಡಿ ಅರ್ಜಿಯಲ್ಲಿ ಜಾಡಮಾಲಿ ಕೆಲಸ ಎಂದು ಬರೆದುಬಿಟ್ಟರು. ಆಮೇಲೊಂದು ದಿನ ವಿಲ್ಸನ್ ಆ ಕೆಲಸ ನಡೆಯುವ ಜಾಗಕ್ಕೇ ಹೋಗಿ ನೋಡಿದರು. ಕೆಲಸಗಾರನೊಬ್ಬನ ಬಕೆಟ್ಟು ಮಲದ ಗುಂಡಿಗೆ ಜಾರಿ ಬಿತ್ತು. ಆತ ತೋಳು ಮೇಲೇರಿಸಿ ಬರಿಗೈ ಒಳಗೆ ಹಾಕಿ ತಡಕಾಡಿ ಅದನ್ನು ತೆಗೆದ. ಬಕೆಟ್ಟಿಲ್ಲದೆ ಕೆಲಸ ಹೇಗೆ? ವಿಲ್ಸನ್ ಅಲ್ಲಿ ನಿಂತು ಅತ್ತರು.

ಆ ಅಳುವಿನ ನಂತರ ನಡೆದದ್ದನ್ನು ನೋಡಿ. 1986ರಿಂದ ಪತ್ರಗಳ ಮೇಲೆ ಪತ್ರ: ಕಂಪನಿಗೆ, ಮಂತ್ರಿಗಳಿಗೆ, ಪ್ರಧಾನಿಗೆ. ಕಕ್ಕಸುಗಳ ಫೋಟೋಗಳು ಪತ್ರಿಕೆಗೆ ಹೋದವು. 1993ರಲ್ಲಿ ಸಂಸತ್ತು ಮಲ ಬಾಚಿಸುವುದನ್ನು ನಿಷೇಧಿಸುವ ಕಾನೂನು ಮಾಡಿತು. ಮರುವರ್ಷ ಸಫಾಯಿ ಕರ್ಮಚಾರಿ ಆಂದೋಲನ ಹುಟ್ಟಿತು. 2003ರಲ್ಲಿ ಅದು ಸುಪ್ರೀಂ ಕೋರ್ಟಿನ ಬಾಗಿಲು ಬಡಿಯಿತು, 2014ರಲ್ಲಿ ತೀರ್ಪು ಪಡೆಯಿತು. ಮೊದಲ ಪತ್ರದಿಂದ ತೀರ್ಪಿನವರೆಗೆ 28 ವರ್ಷ. ಯೇಸುವನ್ನು ಹಿಂಬಾಲಿಸುವುದೆಂದರೇನು ಎಂದು ನನ್ನನ್ನು ಯಾರಾದರೂ ಕೇಳಿದರೆ ನಾನು ಈ ಪತ್ರಗಳ ಕಡೆ ಕೈ ತೋರಿಸುತ್ತೇನೆ.

ವಿಶ್ವಾಸಿಗಳೇ, ನಾನು ನಿಮ್ಮೊಡನೆ ಜಗಳಕ್ಕೇ ಬಂದಿದ್ದೇನೆ. ಬಕೆಟ್ಟು ಹೊರುವವನಿಗೆ ನಾವು ಕೊಟ್ಟದ್ದೇನು? ತಾಳ್ಮೆಯ ಬೋಧನೆ, ಪರಲೋಕದ ಭರವಸೆ, ಕ್ರಿಸ್ಮಸ್ಸಿಗೊಂದು ಸೀರೆ, ಒಂದು ಕೇಕು. ಅವನಿಗಾಗಿ ಪ್ರಾರ್ಥನೆಯನ್ನೂ ಮಾಡಿದೆವು. ಕೈಯಿಂದ ಬಕೆಟ್ಟನ್ನು ಮಾತ್ರ ಇಳಿಸಲಿಲ್ಲ. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು 1970ರ ದಶಕದಲ್ಲಿ ಪಟ್ಟು ಹಿಡಿದವರು ದೇವರಾಜ ಅರಸು ಸರ್ಕಾರದ ಸಚಿವ ಬಿ. ಬಸವಲಿಂಗಪ್ಪ. ನಮ್ಮ ಪೀಠಗಳಿಂದ ಆ ಆಜ್ಞೆ ಹೊರಡಲಿಲ್ಲ. ಅದಾಗಿ ದಶಕಗಳು ಕಳೆದ ಮೇಲೂ, 2010ರಲ್ಲಿ, ಸವಣೂರಿನ ಭಂಗಿ ಸಮುದಾಯದವರು ತಮ್ಮ ಮನೆ ಉಳಿಸಿಕೊಳ್ಳಲು ಪುರಸಭೆಯ ಮುಂದೆ ಮೈಗೆ ಮಲ ಸುರಿದುಕೊಂಡು ನಿಲ್ಲಬೇಕಾಯಿತು.

ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯವನ್ನು ಮತ್ತೆ ಓದಿ. ಕುಷ್ಠರೋಗಿಯೊಬ್ಬ ಯೇಸುವಿನ ಮುಂದೆ ಮೊಣಕಾಲೂರುತ್ತಾನೆ. ಯೇಸು ದೂರ ನಿಂತೇ ಮಾತಿನಿಂದ ವಾಸಿ ಮಾಡಬಹುದಿತ್ತು. ಬೇರೆ ಕಡೆ ಹಾಗೆ ಮಾಡಿದ್ದೂ ಉಂಟು. ಇಲ್ಲಿ ಮೊದಲು ಮುಟ್ಟುತ್ತಾನೆ. ನಾವು ಸಾಮಾನ್ಯವಾಗಿ ಬೋಧನೆಯನ್ನು ಅಲ್ಲಿಗೆ ಮುಗಿಸುತ್ತೇವೆ. ಅಧ್ಯಾಯ ಅಲ್ಲಿಗೆ ಮುಗಿಯುವುದಿಲ್ಲ. ವಾಸಿಯಾದವನು ಸುದ್ದಿ ಹಬ್ಬಿಸುತ್ತಾನೆ, ಯೇಸು ಊರೊಳಗೆ ಬಹಿರಂಗವಾಗಿ ಕಾಲಿಡಲಾಗದೆ ಹೊರಗೆ, ನಿರ್ಜನ ಜಾಗಗಳಲ್ಲಿ ಉಳಿಯುತ್ತಾನೆ. ಊರ ಹೊರಗಿದ್ದವನು ಒಳಗೆ ಬಂದ, ಒಳಗಿದ್ದವನು ಹೊರಗುಳಿದ. ಒಬ್ಬನನ್ನು ಒಳಗೆ ತಂದದ್ದಕ್ಕೆ ಯೇಸು ತೆತ್ತ ಬೆಲೆ ಅದು. ಕೊನೆಗೆ ಅವನನ್ನು ಶಿಲುಬೆಗೇರಿಸಿದ್ದೂ ಪಟ್ಟಣದ ಹೊರಗೇ. ಊರಾಚೆಯ ಕೇರಿಯನ್ನು ದಾಟಿ ಅವನ ಬಳಿಗೆ ಹೋಗುವ ಬೇರೆ ದಾರಿ ನನಗೆ ಕಾಣಿಸುತ್ತಿಲ್ಲ.

ಈಗ ಒಣ ಕಕ್ಕಸುಗಳು ಕಡಿಮೆಯಾಗಿವೆ, ನಿಜ. ಸಾವು ಮ್ಯಾನ್‌ಹೋಲಿಗೆ, ಸೆಪ್ಟಿಕ್ ಟ್ಯಾಂಕಿಗೆ ಜಾಗ ಬದಲಿಸಿದೆ. ಒಳಗೆ ಕಟ್ಟಿಕೊಂಡಿರುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಪ್ರಮಾಣ ಏರಿದಂತೆ ಮೂಗಿನ ಶಕ್ತಿಯನ್ನೇ ಕೊಂದುಹಾಕುತ್ತದೆ. ನಾತ ಕಡಿಮೆಯಾಯಿತೆಂದು ಇಳಿದವನು ಇನ್ನೊಂದು ಹೆಜ್ಜೆ ಇಳಿಯುತ್ತಾನೆ, ಕುಸಿಯುತ್ತಾನೆ. ಮೇಲಿದ್ದವನು ಕೂಗುತ್ತಾನೆ. ಉತ್ತರವಿಲ್ಲ. ತಾನೂ ಇಳಿಯುತ್ತಾನೆ. ಒಂದೇ ಗುಂಡಿಯಲ್ಲಿ ಇಬ್ಬರು, ಮೂವರು ಸತ್ತ ಸುದ್ದಿ ಬರುವುದು ಹೀಗೆ. ಗೆಳೆಯನಿಗಾಗಿ ಪ್ರಾಣ ಕೊಡುವ ಪ್ರೀತಿಯ ಬಗ್ಗೆ ಯೇಸು ಆಡಿದ ಮಾತಿಗೆ ನಾವು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇವೆ. ಆ ಎರಡನೆಯವನು ಅದನ್ನು ಮಾಡಿ ಸತ್ತ. ಅವನನ್ನು ಹೊಗಳಿ ಕೈತೊಳೆದುಕೊಳ್ಳಬೇಡಿ. ಅವನು ಸಾಯಬೇಕಾಗಿಯೇ ಇರಲಿಲ್ಲ. ಸಕ್ಕಿಂಗ್ ಯಂತ್ರದ ಬಾಡಿಗೆ ಉಳಿಸಲು ಯಾರೋ ಅವನನ್ನು ಕರೆಸಿದರು.

ಕಾನೂನು ನಮ್ಮ ಕಡೆಗಿದೆ. 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನವಿಲ್ಲದೆ ಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಮನುಷ್ಯರನ್ನು ಇಳಿಸುವುದು ಅಪರಾಧ. ಮೊದಲ ಸಲಕ್ಕೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಚರಂಡಿ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಆದರೆ ಓದು ಬಾರದ ವಿಧವೆ ಯಾವ ಮೇಜಿನ ಮುಂದೆ, ಯಾವ ಕಾಗದ ಹಿಡಿದು ನಿಲ್ಲಬೇಕು? ಗುತ್ತಿಗೆದಾರ ಬಂದು ಕೈಗಿಷ್ಟು ದುಡ್ಡು ತುರುಕಿ ಬಾಯಿ ಮುಚ್ಚಿಸುವ ಹೊತ್ತಿಗೆ ಅವಳ ಪಕ್ಕದಲ್ಲಿ ಯಾರಿರಬೇಕು? ನಮ್ಮಲ್ಲಿ ವಕೀಲರಿದ್ದಾರೆ, ನಿವೃತ್ತ ಅಧಿಕಾರಿಗಳಿದ್ದಾರೆ, ಕಾನೂನು ಓದುವ ಮಕ್ಕಳಿದ್ದಾರೆ.

ಇಷ್ಟು ಹೇಳುವಾಗ ಒಬ್ಬ ಹಿರಿಯರಾದರೂ ಎದ್ದು, ಚರ್ಚಿಗೆ ರಾಜಕೀಯ ಬೇಡ ಎನ್ನುತ್ತಾರೆ. ಅಣ್ಣಾ, ನಜರೇತಿನ ಸಭಾಮಂದಿರದಲ್ಲಿ ಯೇಸು ಬಡವರಿಗೆ ಶುಭವಾರ್ತೆ, ಸೆರೆಯವರಿಗೆ ಬಿಡುಗಡೆ ಎಂದು ಸಾರಿ, ದೇವರ ಕೃಪೆ ಪರಕೀಯರಿಗೂ ಉಂಟೆಂದು ನೆನಪಿಸಿದ ದಿನವೇ ಸ್ವಂತ ಊರಿನವರು ಅವನನ್ನು ಬೆಟ್ಟದ ಅಂಚಿಗೆ ತಳ್ಳಿಕೊಂಡು ಹೋದರು. ಯಾರಿಗೂ ಸಿಟ್ಟು ಬಾರದ ಬೋಧನೆ ಅವನದಾಗಿರಲಿಲ್ಲ. ಶ್ರೀಮಂತನೂ ಲಾಜರನೂ ಬರುವ ಸಾಮತಿಯಲ್ಲಿ ಶ್ರೀಮಂತ ಲಾಜರನನ್ನು ಹೊಡೆದನೆಂದು ಎಲ್ಲೂ ಇಲ್ಲ. ದಿನಾ ತನ್ನ ಬಾಗಿಲಲ್ಲಿ ಬಿದ್ದವನನ್ನು ದಾಟಿ ಒಳಗೆ ಹೋದ, ಹೊರಗೆ ಬಂದ. ಅವನ ಅಪರಾಧ ಅಷ್ಟೇ, ಅದು ಸಾಕಾಯಿತು.

ನಮ್ಮ ಬಾಗಿಲ ಒಳಗಿನ ಮಾತು ಇನ್ನೂ ಕಹಿ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಧರ್ಮಕ್ಕೆ ಕಟ್ಟಿಹಾಕಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ತೆರೆದುಕೊಂಡಿತು, ದಲಿತ ಕ್ರೈಸ್ತರಿಗೆ ಇಲ್ಲ. ಈ ಅನ್ಯಾಯದ ವಿರುದ್ಧ ನಾವು ಮೆರವಣಿಗೆ ಮಾಡುವುದು ಸರಿ. ಆದರೆ ದಲಿತ ವಿಶ್ವಾಸಿಯ ಹೆಣಕ್ಕೆ ಬೇರೆ ಮೂಲೆ ತೋರಿಸುವ ಸಮಾಧಿ ಭೂಮಿ ನಮ್ಮದೇ. ಮದುವೆ ಸಂಬಂಧ ಕುದುರಿಸುವಾಗ ಮೂಲ ಜಾತಿ ಕೇಳುವ ಬಾಯಿ ನಮ್ಮದೇ. ಭಾರತದ ಕಥೋಲಿಕ ಧರ್ಮಾಧ್ಯಕ್ಷರು 2016ರಲ್ಲಿ ದಲಿತರ ಕುರಿತು ಹೊರಡಿಸಿದ ನೀತಿಯಲ್ಲಿ ಸಭೆಯೊಳಗೆ ಅಸ್ಪೃಶ್ಯತೆಯಿದೆ ಎಂದು ಒಪ್ಪಿಕೊಂಡರು. ಒಪ್ಪಿಕೊಂಡ ಪಾಪಕ್ಕೆ ಪರಿಹಾರ ಕ್ರಿಯೆ ಬೇಕೆಂದು ಕಲಿಸುವವರೂ ಅವರೇ.

ಪವಿತ್ರ ಗುರುವಾರ ನಾವು ತೊಳೆಯುವ ಹನ್ನೆರಡು ಜೋಡಿ ಪಾದಗಳನ್ನು ನೋಡಿದ್ದೀರಾ? ಮನೆಯಲ್ಲೇ ಸೋಪು ಹಾಕಿ ತೊಳೆದುಕೊಂಡು ಬಂದ ಪಾದಗಳು. ಬೆಳ್ಳಿ ತಂಬಿಗೆ, ಇಸ್ತ್ರಿ ಮಾಡಿದ ಟವೆಲು. ಆ ರಾತ್ರಿ ಯೇಸು ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಮಾಡಿದ್ದು ಆಳು ಮಾಡುವ ಕೆಲಸ. ಗುರುವಿನ ಸ್ಥಾನದಿಂದ ಕೆಳಗಿಳಿದದ್ದು ಪೇತ್ರನಿಗೆ ಸಹಿಸಲಾಗಲಿಲ್ಲ. ಈ ವರ್ಷ ಪೌರಕಾರ್ಮಿಕ ಅಕ್ಕಂದಿರನ್ನು ಕರೆದು ಕೂರಿಸಿ ಎಂದು ನಾನು ಕೇಳುತ್ತಿಲ್ಲ. ಅಷ್ಟು ಮಾಡಿ ಫೋಟೋ ತೆಗೆಸಿಕೊಂಡು ಮರುದಿನ ಮರೆಯುವುದು ಸುಲಭ. ಅವರಿಗೆ ಖಾಯಂ ನೌಕರಿ, ಕೈಗವಸು, ಬೂಟು, ವಾರಕ್ಕೊಂದು ರಜೆ, ಕೆಲಸದ ಜಾಗದಲ್ಲೊಂದು ಶೌಚಾಲಯ ಸಿಗುವವರೆಗೆ ಅವರ ಧರಣಿಯಲ್ಲಿ ಹೋಗಿ ಕೂರಿ ಎಂದು ಕೇಳುತ್ತಿದ್ದೇನೆ.

ಶುರು ಮಾಡಬೇಕಾದದ್ದು ನಮ್ಮ ಕಾಂಪೌಂಡಿನಿಂದಲೇ. ನಮಗೆ ಶಾಲೆಗಳಿವೆ, ಆಸ್ಪತ್ರೆಗಳಿವೆ, ಹಾಸ್ಟೆಲುಗಳಿವೆ, ಮಠಗಳಿವೆ. ಪ್ರತಿಯೊಂದರ ಹಿಂದೆಯೂ ಒಂದು ಗುಂಡಿಯಿದೆ. ಕಳೆದ ಸಲ ಅದನ್ನು ಯಾರು ಖಾಲಿ ಮಾಡಿದರು, ಯಂತ್ರವೋ ಮನುಷ್ಯನೋ, ಮನುಷ್ಯನಾದರೆ ಅವನ ಹೆಸರೇನು, ಅವನು ಯಾವ ಕೇರಿಯವನು ಎಂದು ಲೆಕ್ಕದ ಪುಸ್ತಕ ತೆಗೆದು ನೋಡಿ. ಗುತ್ತಿಗೆದಾರನಿಗೆ ಗೊತ್ತು ಎಂಬ ಉತ್ತರ ಬೇಡ. ಗುತ್ತಿಗೆ ಕೊಟ್ಟವರು ನಾವು. ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಸಮಿತಿ ಕೂರಲಿ. ಸಭೆಯ ಯಾವ ಆಸ್ತಿಯಲ್ಲೂ ಯಾವ ಮನುಷ್ಯನೂ ಗುಂಡಿಗೆ ಇಳಿಯುವುದಿಲ್ಲ, ಗುಡಿಸುವವರಿಗೆ ಕನಿಷ್ಠ ವೇತನಕ್ಕೆ ಒಂದು ರೂಪಾಯಿಯೂ ಕಡಿಮೆ ಕೊಡುವುದಿಲ್ಲ, ಸಮಾಧಿ ಭೂಮಿಯ ಬೇರೆ ಮೂಲೆ ಇವತ್ತಿಗೆ ಮುಗಿಯಿತು ಎಂದು ನಡಾವಳಿ ಪುಸ್ತಕದಲ್ಲಿ ಬರೆಯಲಿ. ಸಭಾಪಾಲಕರೇ, ಮೊದಲ ಸಹಿ ನೀವು ಹಾಕಿ.