ಮಾತ್ರೆ ಕೊಡುವ ಕೈಗೂ ಪಾಠ ಬೇಕು

ವೃದ್ಧರ ಆರೈಕೆ ಕೇಂದ್ರದಲ್ಲಿರುವ ಅಜ್ಜಿಗೆ ಕಣ್ಣು ಮಂಜಾಗಿರುತ್ತದೆ, ನೆನಪು ಕೈಕೊಟ್ಟಿರುತ್ತದೆ. ಕೊಟ್ಟ ಮಾತ್ರೆಯನ್ನು ನುಂಗುತ್ತಾರೆ. "ಇದು ನನ್ನದಲ್ಲ" ಎಂದು ಹೇಳುವ ಶಕ್ತಿ ಅವರಿಗಿಲ್ಲ. ಆದ್ದರಿಂದಲೇ ಮಾತ್ರೆ ಕೊಡುವವರ ತಿಳುವಳಿಕೆ ಅವರ ಪ್ರಾಣರಕ್ಷಣೆಯ ಪ್ರಶ್ನೆಯಾಗಿದೆ.

ಇಂಗ್ಲೆಂಡಿನ ಇಂತಹ 55 ಕೇಂದ್ರಗಳಲ್ಲಿದ್ದ 256 ಮಂದಿಯ ಔಷಧ ಸೇವನೆಯನ್ನು ತಜ್ಞರು ಪರಿಶೀಲಿಸಿದ್ದರು. ಅದರ ವರದಿ 2009ರಲ್ಲಿ ಪ್ರಕಟವಾಯಿತು. ಒಬ್ಬೊಬ್ಬರು ಸರಾಸರಿ 8 ಔಷಧಗಳನ್ನು ಸೇವಿಸುತ್ತಿದ್ದರು. 178 ಮಂದಿಯ ವಿಷಯದಲ್ಲಿ ಒಂದಾದರೂ ತಪ್ಪು ಕಂಡುಬಂತು. ಎಲ್ಲವೂ ಅಪಾಯಕಾರಿಯಾಗಿರಲಿಲ್ಲ, ಎಲ್ಲವೂ ಸಿಬ್ಬಂದಿಯದ್ದೂ ಆಗಿರಲಿಲ್ಲ. ವೈದ್ಯರು ಬರೆಯುವಲ್ಲಿ, ಔಷಧ ಅಂಗಡಿಯವರು ಕೊಡುವಲ್ಲಿಯೂ ತಪ್ಪಿತ್ತು. ಆದರೆ ಸಿಬ್ಬಂದಿಯ ಕಡೆಯ ಕಾರಣಗಳು ಗಮನಾರ್ಹ: ಕೆಲಸದ ಒತ್ತಡ, ಔಷಧದ ಬಗ್ಗೆ ತರಬೇತಿಯ ಕೊರತೆ, ಮಾತ್ರೆ ಕೊಡುವಾಗ ನಡುವೆ ಬಂದು ಕರೆಯುವವರು, ಬರೆದಿಡದೆ ಬಾಯಿಮಾತಿನಲ್ಲೇ ದಾಟಿಸುವ ಸೂಚನೆಗಳು.

ಹಾಗಾದರೆ ಏನನ್ನು ಕಲಿಸಬೇಕು? ಸರಿಯಾದ ವ್ಯಕ್ತಿ, ಔಷಧ, ಪ್ರಮಾಣ, ಮಾರ್ಗ, ಸಮಯ ಎಂಬ ಐದು ವಿಷಯಗಳನ್ನು ಪ್ರತಿ ಬಾರಿಯೂ ನೋಡುವುದು ಮೊದಲ ಪಾಠ. ರೋಗಿ ನುಂಗಿದ್ದನ್ನು ಕಂಡ ಮೇಲೆಯೇ ಪುಸ್ತಕದಲ್ಲಿ ಸಹಿ ಹಾಕಬೇಕು, ಮೊದಲೇ ಅಲ್ಲ. ನುಂಗಲು ಕಷ್ಟವೆಂದು ಎಲ್ಲ ಮಾತ್ರೆಗಳನ್ನೂ ಪುಡಿ ಮಾಡಬಾರದು. ನಿಧಾನವಾಗಿ ಕರಗುವಂತೆ ತಯಾರಿಸಿದ ಮಾತ್ರೆಯನ್ನು ಪುಡಿ ಮಾಡಿದರೆ ದಿನವಿಡೀ ಸೇರಬೇಕಾದ ಔಷಧ ಒಮ್ಮೆಲೇ ದೇಹ ಸೇರುತ್ತದೆ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಸೇವಿಸುವಂಥದ್ದು. ಅದನ್ನು ದಿನಾಲೂ ಕೊಟ್ಟರೆ ರಕ್ತ ಉತ್ಪಾದನೆಯೇ ಕುಂಠಿತವಾಗಿ ಸಾವೂ ಸಂಭವಿಸಬಹುದು.

ಎಲ್ಲಕ್ಕಿಂತ ದೊಡ್ಡ ಪಾಠ ತಪ್ಪನ್ನು ತಕ್ಷಣ ಹೇಳುವುದು. ಬೇಗನೆ ತಿಳಿದರೆ ವೈದ್ಯರು ಏನಾದರೂ ಮಾಡಬಲ್ಲರು. ಆದರೆ ತಪ್ಪೊಪ್ಪಿಕೊಂಡ ಹುಡುಗಿಯನ್ನು ಬೈದು ಮನೆಗೆ ಕಳುಹಿಸಿದರೆ ಉಳಿದವರೆಲ್ಲ ಬಾಯಿ ಮುಚ್ಚಿಕೊಳ್ಳುವುದನ್ನು ಕಲಿಯುತ್ತಾರೆ. ಆಗ ನಿಲ್ಲುವುದು ತಪ್ಪಲ್ಲ, ತಪ್ಪಿನ ಸುದ್ದಿ ಮಾತ್ರ. ಒಂದು ದಿನದ ಉಪನ್ಯಾಸ ಕೊಡಿಸಿ, ಮರುದಿನ ಒಬ್ಬಳ ಮೇಲೆಯೇ ಇಡೀ ಕೇಂದ್ರದ ಹೊಣೆ ಹೊರಿಸುವ ಆಡಳಿತಕ್ಕೂ ಪಾಠ ಅಗತ್ಯ.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ 'ಹಾನಿಯಿಲ್ಲದ ಔಷಧ' ಎಂಬ ಅಭಿಯಾನವನ್ನೇ ಆರಂಭಿಸಿತು. ನಮ್ಮ ಊರುಗಳಿಂದ ಎಷ್ಟೋ ಹೆಣ್ಣುಮಕ್ಕಳು ನರ್ಸಿಂಗ್ ಕಲಿತು ಪರದೇಶಗಳಲ್ಲಿ ದುಡಿಯುತ್ತಿದ್ದಾರೆ. ಅವರಿಗೆ ಇದು ನಿತ್ಯದ ಮಾತು.

ಸಹೋದರಿಯರೇ, ಹಿರಿಯರನ್ನು ಆರೈಕೆ ಕೇಂದ್ರಕ್ಕೆ ಸೇರಿಸುವ ಅನಿವಾರ್ಯತೆ ಬಂದರೆ ಕೋಣೆ, ಊಟ, ಶುಲ್ಕ ಮಾತ್ರ ವಿಚಾರಿಸಬೇಡಿ. ಮಾತ್ರೆ ಕೊಡುವವರು ಯಾರು, ಅವರಿಗೆ ತರಬೇತಿ ಕೊಟ್ಟವರು ಯಾರು, ತಪ್ಪಾದರೆ ನಮಗೆ ತಿಳಿಸುತ್ತೀರಾ ಎಂದೂ ಕೇಳಿ. ಹಿರಿಯರು ಸೇವಿಸುವ ಎಲ್ಲ ಔಷಧಗಳ ಪಟ್ಟಿಯನ್ನು ಬರೆದೇ ಕೊಡಿ. ಮನೆಯಲ್ಲೇ ಅತ್ತೆ ಮಾವನಿಗೆ ಮಾತ್ರೆ ಕೊಡುವ ಸೊಸೆಗೂ ಆ ಪಟ್ಟಿ ಬೇಕು. ಸಂಶಯ ಬಂದಾಗ ಕೊಡುವ ಮುನ್ನ ಕೇಳುವುದರಲ್ಲಿ ನಾಚಿಕೆಯೇನಿಲ್ಲ.