ಸಿಹಿ ಎಂಬ ಹೆಸರು, ನೀರು ಎಂಬ ಮಾತು

ಮಾರ್ಚ್ ಬಂತೆಂದರೆ ನಮ್ಮ ರಸ್ತೆಯ ತಿರುವಿನಲ್ಲಿ ತೆಂಗಿನ ಗರಿಯ ಚಪ್ಪರ ಏಳುತ್ತದೆ, ಅದರಡಿ ಕಲ್ಲಂಗಡಿಯ ರಾಶಿ ಬೀಳುತ್ತದೆ. ಹತ್ತು ಹೆಜ್ಜೆ ಆಚೆ ತರಕಾರಿ ಗಾಡಿ. ಗಾಡಿಯ ಮೂಲೆಯಲ್ಲಿ ಸಿಹಿಗುಂಬಳದ ಹೋಳುಗಳು. ಚಪ್ಪರದ ಮುಂದೆ ಜನ ಸಾಲುಗಟ್ಟಿ ನಿಂತಿರುತ್ತಾರೆ, ಕುಂಬಳದ ಹೋಳನ್ನು ಕೇಳುವವರು ಅಪರೂಪ. ಅಮ್ಮನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ವರ್ಷ ಈ ಎರಡೂ ನಮ್ಮ ಮನೆಗೆ ಬರುವುದು ನಿಂತುಹೋಯಿತು. ಕಲ್ಲಂಗಡಿ ಬರೀ ಸಕ್ಕರೆ ನೀರು ಎಂದು ಯಾರೋ ಹೇಳಿದ್ದರು. ಕುಂಬಳದ ವಿಷಯದಲ್ಲಿ ಅಮ್ಮನದೇ ತೀರ್ಮಾನ: "ಹೆಸರಲ್ಲೇ ಸಿಹಿ ಇಟ್ಕೊಂಡಿದೆ, ಅದನ್ನ ನಾನ್ಯಾಕೆ ತಿನ್ಲಿ?"

ಎರಡೂ ಒಂದೇ ಬಳ್ಳಿ ಕುಟುಂಬಕ್ಕೆ ಸೇರಿದವು. ಕಲ್ಲಂಗಡಿ ಆಫ್ರಿಕಾದ್ದು, ಸಿಹಿಗುಂಬಳ ಅಮೆರಿಕ ಖಂಡದಿಂದ ಕಡಲು ದಾಟಿ ಬಂದದ್ದು. ಮಲೆನಾಡು, ಕರಾವಳಿಯ ಕಡೆ ಅದಕ್ಕೆ ಚೀನಿಕಾಯಿ ಎನ್ನುತ್ತಾರೆ. ಅಮೆರಿಕದ ಕೃಷಿ ಇಲಾಖೆಯ ಪೋಷಕಾಂಶ ಪಟ್ಟಿಯನ್ನು ಮುಂದಿಟ್ಟುಕೊಂಡು ಕೂತಾಗ ನನ್ನನ್ನು ಮೊದಲು ಬೆರಗುಗೊಳಿಸಿದ್ದು ನೀರಿನ ಲೆಕ್ಕ. 100 ಗ್ರಾಂ ಕಲ್ಲಂಗಡಿಯಲ್ಲಿ ನೀರು ಸುಮಾರು 91.5 ಗ್ರಾಂ. ಹಸಿ ಸಿಹಿಗುಂಬಳದಲ್ಲಿ 91.6 ಗ್ರಾಂ! ಕೊಯ್ದರೆ ರಸ ಸುರಿಸುವ ಹಣ್ಣಿಗೂ ಕತ್ತಿಗೆ ಬಗ್ಗದ ಕಾಯಿಗೂ ನೀರಿನಲ್ಲಿ ವ್ಯತ್ಯಾಸವೇ ಇಲ್ಲ. ಕುಂಬಳದ ಗಟ್ಟಿ ತಿರುಳು ಆ ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡಿರುತ್ತದೆ, ಅಷ್ಟೆ. ಶಕ್ತಿಯೂ ಹತ್ತಿರ ಹತ್ತಿರವೇ: ಕಲ್ಲಂಗಡಿಗೆ 30 ಕಿಲೋಕ್ಯಾಲರಿ, ಕುಂಬಳಕ್ಕೆ 26.

ಇನ್ನು ಸಿಹಿ. ಕಲ್ಲಂಗಡಿಯಲ್ಲಿ 100 ಗ್ರಾಂಗೆ 6.2 ಗ್ರಾಂ ಸಕ್ಕರೆ. ಹೆಸರಲ್ಲೇ ಸಿಹಿ ಹೊತ್ತ ಕುಂಬಳದಲ್ಲಿ 2.8 ಗ್ರಾಂ. ಅಮ್ಮ ದಿನಾ ಒಗ್ಗರಣೆಗೆ ಹೆಚ್ಚಿಕೊಳ್ಳುವ ಈರುಳ್ಳಿಯಲ್ಲೇ ಅದಕ್ಕಿಂತ ಹೆಚ್ಚು, 4.2 ಗ್ರಾಂ ಇದೆ. ತಳಿಯಿಂದ ತಳಿಗೆ ಈ ಅಂಕಿಗಳು ಏರಿಳಿಯುತ್ತವೆ, ನಿಜ. ಆದರೂ ಬೂದುಗುಂಬಳದಿಂದ ಬೇರೆಯೆಂದು ತೋರಿಸಲು ಹಿರಿಯರು ಇಟ್ಟ ಒಂದು ಹೆಸರು ಎಷ್ಟು ಮನೆಗಳಲ್ಲಿ ಒಳ್ಳೆಯ ತರಕಾರಿಯೊಂದನ್ನು ತಟ್ಟೆಯಿಂದ ಇಳಿಸಿರಬಹುದು ಎಂದು ನೆನೆದರೆ ಸಂಕಟವಾಗುತ್ತದೆ.

ಸಕ್ಕರೆ ಕಾಯಿಲೆಯವರನ್ನು ಹೆದರಿಸುವ ಇನ್ನೊಂದು ಅಂಕಿ ಗ್ಲೈಸೆಮಿಕ್ ಸೂಚ್ಯಂಕ. ಹಳೆಯ ಪಟ್ಟಿಗಳಲ್ಲಿ ಕಲ್ಲಂಗಡಿಗೆ 72, ಕುಂಬಳಕ್ಕೆ 75 ಎಂದಿದೆ, ಎರಡೂ ಜಾಸ್ತಿಯೇ. ಆದರೆ ಆ ಸೂಚ್ಯಂಕ ಹೇಳುವುದು ಆಹಾರದಲ್ಲಿರುವ ಪಿಷ್ಟ-ಸಕ್ಕರೆ ರಕ್ತಕ್ಕೆ ಎಷ್ಟು ಬೇಗ ಸೇರುತ್ತದೆ ಎಂಬುದನ್ನು ಮಾತ್ರ. ಎಷ್ಟು ಸೇರುತ್ತದೆ ಎಂಬುದು ತಟ್ಟೆಗೆ ಬಿದ್ದ ಪ್ರಮಾಣದ ಮಾತು. 120 ಗ್ರಾಂ ಕಲ್ಲಂಗಡಿ ತಿಂದರೆ ಗ್ಲೈಸೆಮಿಕ್ ಹೊರೆ 5ರ ಆಸುಪಾಸಿನಲ್ಲಿ ನಿಲ್ಲುತ್ತದೆ. 10ರವರೆಗೆ ಅದು ಕಡಿಮೆ ಎಂದೇ ಲೆಕ್ಕ. ತೊಂದರೆ ಇರುವುದು ನಾವು ಕಲ್ಲಂಗಡಿ ತಿನ್ನುವ ರೀತಿಯಲ್ಲಿ. 120 ಗ್ರಾಂಗೆ ಕೈ ತಡೆಯುವವರು ಯಾರು? ಬಿಸಿಲಲ್ಲಿ ಬಂದವರು ಅರ್ಧ ಕಿಲೋ ಮುಗಿಸಿಯೇ ಏಳುತ್ತಾರೆ. ಆಗ ಹೊರೆ 20ನ್ನೂ ದಾಟುತ್ತದೆ, ಅಷ್ಟಾದರೆ ಹೆಚ್ಚೆಂದೇ ಅರ್ಥ. ಕುಂಬಳದ ಪಲ್ಯವನ್ನು ಅರ್ಧ ಕಿಲೋ ತಿಂದವರನ್ನು ನಾನಂತೂ ಕಂಡಿಲ್ಲ.

ಕುಂಬಳದ ಕೈ ನಿಜಕ್ಕೂ ಮೇಲಾಗುವುದು 'ಎ' ಜೀವಸತ್ವದಲ್ಲಿ. 100 ಗ್ರಾಂ ಕಲ್ಲಂಗಡಿಯಿಂದ ಸಿಗುವುದು 28 ಮೈಕ್ರೋಗ್ರಾಂ, ಹಸಿ ಕುಂಬಳದಿಂದ 426. ಹದಿನೈದು ಪಟ್ಟು! ಬೇಯಿಸಿದ ಕುಂಬಳದಲ್ಲಿ ಇದು 288ಕ್ಕೆ ಇಳಿಯುತ್ತದೆ. ಆದರೂ 150 ಗ್ರಾಂ ಬೆಂದ ಹೋಳು ಎಂದರೆ 430ರಷ್ಟಾಯಿತು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕ ಹೆಂಗಸರಿಗೆ ಹೇಳಿದ ದಿನದ 840 ಮೈಕ್ರೋಗ್ರಾಂನಲ್ಲಿ ಅರ್ಧ. ಇರುಳುಗುರುಡು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಮಕ್ಕಳ ಕಣ್ಣು ಉಳಿಸಲೆಂದೇ ದೇಶ 1970ರಲ್ಲಿ 'ಎ' ಜೀವಸತ್ವದ ಹನಿ ಕೊಡುವ ಕಾರ್ಯಕ್ರಮ ಶುರುಮಾಡಬೇಕಾಯಿತು. ಆ ಹಿನ್ನೆಲೆಯಲ್ಲಿ ಅಗ್ಗಕ್ಕೆ ಸಿಗುವ ಒಂದು ತರಕಾರಿಯ ಬೆಲೆ ಎಷ್ಟೆಂದು ಯೋಚಿಸಬೇಕು. ಅದೂ ಅಟ್ಟದ ಮೇಲಿಟ್ಟರೆ ತಿಂಗಳುಗಟ್ಟಲೆ ಕೆಡದೆ, ಬೇರೆ ತರಕಾರಿ ಸಿಗದ ಮಳೆಗಾಲಕ್ಕೆ ಒದಗುವಂಥದ್ದು.

ಬಣ್ಣ ನೋಡಿ ಕೊಳ್ಳಬೇಕು. ಕ್ಯಾರೋಟಿನ್ ಇರುವುದು ಆ ಕಿತ್ತಳೆ ಬಣ್ಣದಲ್ಲೇ. ತಿಳಿ ಹಳದಿ ತಿರುಳಿನ ಕಾಯಿಯಿಂದ ಅಷ್ಟು ನಿರೀಕ್ಷಿಸುವಂತಿಲ್ಲ. ಕ್ಯಾರೋಟಿನ್ ಮೈಗೆ ಹತ್ತಲು ಜಿಡ್ಡೂ ಬೇಕು. ಪಲ್ಯದ ಒಗ್ಗರಣೆ ಎಣ್ಣೆ, ಮೇಲುದುರಿಸುವ ಕಾಯಿತುರಿ ಆ ಕೆಲಸ ಮಾಡಿಕೊಡುತ್ತವೆ.

ಹಾಗೆಂದು ಕಲ್ಲಂಗಡಿಯನ್ನು ಬರೀ ನೀರು ಎಂದು ತಳ್ಳಿಹಾಕಿದರೆ ಅದಕ್ಕೂ ಅನ್ಯಾಯವೇ. ಅದರ ಕೆಂಪು ಲೈಕೋಪಿನ್‌ನದು. ಹಸಿ ಟೊಮೆಟೊದಲ್ಲಿ 100 ಗ್ರಾಂಗೆ 2.6 ಮಿಲಿಗ್ರಾಂ ಇದ್ದರೆ ಕಲ್ಲಂಗಡಿಯಲ್ಲಿ 4.5. ಟೊಮೆಟೊದ ಲೈಕೋಪಿನ್ ಚೆನ್ನಾಗಿ ದಕ್ಕಬೇಕಾದರೆ ಬೇಯಿಸಬೇಕು, ಕಲ್ಲಂಗಡಿಯದು ಹಸಿಯಾಗಿಯೇ ದಕ್ಕುತ್ತದೆ. ಹಣ್ಣನ್ನು ಇಡಿಯಾಗಿ ಕೆಲವು ದಿನ ಫ್ರಿಜ್ಜಿನ ಹೊರಗೇ ಇಟ್ಟರೆ ಲೈಕೋಪಿನ್ ಇನ್ನಷ್ಟು ಹೆಚ್ಚುತ್ತದೆ ಎಂಬುದನ್ನೂ ಅಮೆರಿಕದ ಕೃಷಿ ವಿಜ್ಞಾನಿಗಳು ಅಳೆದು ನೋಡಿದ್ದಾರೆ. ಇನ್ನೊಂದು ಸಿಟ್ರುಲಿನ್, ರಕ್ತನಾಳಗಳನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ತಯಾರಿಸಲು ದೇಹ ಬಳಸಿಕೊಳ್ಳುವ ಅಮೈನೋ ಆಮ್ಲ. ಇದನ್ನು 1914ರಲ್ಲಿ ಜಪಾನಿನಲ್ಲಿ ಮೊದಲು ಬೇರ್ಪಡಿಸಿದ್ದೇ ಕಲ್ಲಂಗಡಿಯ ರಸದಿಂದ. ಹೆಸರು ಬಂದದ್ದೂ ಕಲ್ಲಂಗಡಿಯ ಸಸ್ಯಕುಲ ಸಿಟ್ರುಲಸ್‌ನಿಂದ.

ಆದರೆ ಈ ಎರಡು ಗುಣಗಳನ್ನು 'ಎ' ಜೀವಸತ್ವದ ಸಮಕ್ಕೆ ತೂಗಲು ನನ್ನ ಮನಸ್ಸು ಒಪ್ಪುವುದಿಲ್ಲ. 'ಎ' ಜೀವಸತ್ವ ಸಾಲದೆ ಹೋದರೆ ಕಣ್ಣು ಹೋಗುತ್ತದೆ. ಲೈಕೋಪಿನ್ ಸಿಗಲಿಲ್ಲವೆಂದು ಬರುವ ಕಾಯಿಲೆ ಯಾವುದೂ ಇಲ್ಲ, ಲೈಕೋಪಿನ್ ದೇಹದಲ್ಲಿ 'ಎ' ಜೀವಸತ್ವವಾಗಿ ಬದಲಾಗುವುದೂ ಇಲ್ಲ. ಒಂದು ಬೇಕೇ ಬೇಕಾದದ್ದು, ಇನ್ನೊಂದು ಇದ್ದರೆ ಒಳ್ಳೆಯದು.

'ಸಿ' ಜೀವಸತ್ವದಲ್ಲಿ ಲೆಕ್ಕ ತಿರುಗುತ್ತದೆ. ಹಸಿಯಾಗಿ ಕುಂಬಳದಲ್ಲಿ 9 ಮಿಲಿಗ್ರಾಂ, ಕಲ್ಲಂಗಡಿಯಲ್ಲಿ 8. ಆದರೆ ಕುಂಬಳವನ್ನು ಹಸಿಯಾಗಿ ಯಾರು ತಿನ್ನುತ್ತಾರೆ? ಬೇಯಿಸಿದರೆ ಉಳಿಯುವುದು 4.7. ಪೊಟ್ಯಾಸಿಯಂ ಹಸಿ ಕುಂಬಳದಲ್ಲಿ 340 ಮಿಲಿಗ್ರಾಂ, ಕಲ್ಲಂಗಡಿಯಲ್ಲಿ 112. ಇಲ್ಲೂ ತಟ್ಟೆ ನೋಡಬೇಕು: 300 ಗ್ರಾಂ ಕಲ್ಲಂಗಡಿ ಎಂದರೆ 336 ಮಿಲಿಗ್ರಾಂ, ಸಮಸಮ ಆಯಿತು. ಬಿಸಿಲಲ್ಲಿ ಬೆವರು ಸುರಿಸಿದವರಿಗೆ ಇದು ವರ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಅಪಾಯ. ಕುಂಬಳವನ್ನಾದರೆ ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದು ಪೊಟ್ಯಾಸಿಯಂ ತಗ್ಗಿಸಬಹುದು, ಕಲ್ಲಂಗಡಿಗೆ ಅಂಥ ದಾರಿ ಇಲ್ಲ. ಅಂಥವರು ವೈದ್ಯರನ್ನು ಕೇಳದೆ ಎರಡಕ್ಕೂ ಕೈಹಾಕಬಾರದು.

ಕಲ್ಲಂಗಡಿಯ ಪರವಾಗಿ ಪಟ್ಟಿಯಲ್ಲಿ ಕಾಣದ ಮಾತೊಂದಿದೆ. ಕುಂಬಳದ ಹೋಳನ್ನು ತಟ್ಟೆಯ ಅಂಚಿಗೆ ಸರಿಸುವ ಮಗು ಕಲ್ಲಂಗಡಿಗೆ ತಾನೇ ಕೈಚಾಚುತ್ತದೆ. ಹೊಟ್ಟೆಗೆ ಹೋಗದ ಪೋಷಕಾಂಶ ಎಷ್ಟಿದ್ದೇನು? ಕುಂಬಳವನ್ನು ನಾವು ಕೆಡಿಸುವುದೂ ಉಂಟು. ಉತ್ತರ ಕರ್ನಾಟಕದ ಕುಂಬಳಕಾಯಿ ಗಾರಿಗೆ ನನಗೆ ಪ್ರಾಣ, ಆದರೆ ಬೆಲ್ಲ ಹಾಕಿ ಎಣ್ಣೆಯಲ್ಲಿ ಕರಿದ ಮೇಲೆ ಅದು ಹಬ್ಬದ ತಿಂಡಿ. ಅದನ್ನು ತರಕಾರಿಯ ಲೆಕ್ಕಕ್ಕೆ ಹಿಡಿಯಬಾರದು. ಪಲ್ಯಕ್ಕೆ ಹಾಕುವ 10 ಗ್ರಾಂ ಬೆಲ್ಲದ ಸಕ್ಕರೆ 300 ಗ್ರಾಂ ಕುಂಬಳದ ಸಕ್ಕರೆಯನ್ನು ಮೀರಿಸುತ್ತದೆ.

ಈಗ ಮನೆಯಲ್ಲಿ ಎರಡೂ ಇವೆ. ವಾರಕ್ಕೆರಡು ಸಲ ಬೆಲ್ಲವಿಲ್ಲದ ಕುಂಬಳದ ಪಲ್ಯ, ಹುಣಸೆಹಣ್ಣು ಸ್ವಲ್ಪ ಮುಂದಾಗಿ. ಸಂಜೆ ನಾಲ್ಕಕ್ಕೆ ಎರಡು ತೆಳು ಹೋಳು ಕಲ್ಲಂಗಡಿ. ಅಮ್ಮ ಅದಕ್ಕೆ ಉಪ್ಪಿನ ಬದಲು ಮೆಣಸಿನಪುಡಿ ಮಾತ್ರ ಉದುರಿಸಿಕೊಳ್ಳುತ್ತಾರೆ. ಸಿಪ್ಪೆಯ ಒಳಗಿನ ಬಿಳಿ ಭಾಗ ಅಕ್ಕಿಯ ಜೊತೆ ರುಬ್ಬಿ ದೋಸೆಯಾಗುತ್ತದೆ. ಬೀಜದ ವಿಷಯಕ್ಕೆ ಬಂದರೆ ಎರಡನ್ನೂ ಬೇರೆ ಮಾಡುವುದೇ ಕಷ್ಟ: 100 ಗ್ರಾಂ ಒಣ ತಿರುಳಿನಲ್ಲಿ ಕುಂಬಳದ್ದು 30 ಗ್ರಾಂ ಪ್ರೋಟೀನು, ಕಲ್ಲಂಗಡಿಯದು 28. ಮೆಗ್ನೀಸಿಯಂ ಕುಂಬಳದಲ್ಲಿ ತುಸು ಹೆಚ್ಚು, ಸತು ಕಲ್ಲಂಗಡಿಯಲ್ಲಿ. ತೊಳೆದ ಬೀಜಗಳನ್ನು ಅಮ್ಮ ಒಂದೇ ಮೊರದಲ್ಲಿ ಹರಡಿ ತಾರಸಿಯ ಮೇಲೆ ಒಣಗಿಸುತ್ತಾರೆ, ಬಿಳಿ ಒಂದು ಕಡೆ, ಕಪ್ಪು ಒಂದು ಕಡೆ.