ದೊಡ್ಡಮ್ಮ ತೊಟ್ಟಮ್ಮಾಳ್ ಆದ ಮೇಲೆ: ನಮ್ಮ ಹಿರಿಯರ ಪಿಂಚಣಿ, ಮನೆ ಮತ್ತು ನಾವು ಮಾಡಬೇಕಾದ ಕೆಲಸ

ಕಂಬಂ ಕಣಿವೆಯ ಕನ್ನಡದ ಬಗ್ಗೆ ಮಾತು ಬಂದಾಗೆಲ್ಲ ನಾವು ಶಾಲೆ, ಪುಸ್ತಕ, ಜನಗಣತಿ ಅಂತ ಶುರು ಮಾಡ್ತೀವಿ. ಮಾಡಬೇಕಾದ್ದೇ, ಬೇಡ ಅನ್ನೋದಿಲ್ಲ. ಆದರೆ ತಾಳವಾಡಿ, ಹೊಸೂರು ಕಡೆಯವರ ಹಾಗೆ ನಮಗೆ ಅಕ್ಷರದ ಬಲ ಇರಲಿಲ್ಲ. ಇಲ್ಲಿ ಕನ್ನಡ ಉಳಿದಿದ್ದು ಬಾಯಲ್ಲಿ, ಅಡುಗೆಮನೆಯಲ್ಲಿ, ಮಾಡು ಮೇಯಿಸುವ ಬಯಲಲ್ಲಿ. ಹಾಗೆ ಉಳಿಸಿದವರು ಈಗ ಎಪ್ಪತ್ತು, ಎಂಬತ್ತು ದಾಟಿದ ನಮ್ಮ ಅಜ್ಜಿ, ತಾತ, ಅತ್ತೆ, ದೊಡ್ಡಪ್ಪಂದಿರು. ಅವರಿಗೆ ತಿಂಗಳಿಗೆ ಬರಬೇಕಾದ 1200 ರೂಪಾಯಿ ಬರ್ತಾ ಇದೆಯಾ ಅಂತ ನಮ್ಮಲ್ಲಿ ಎಷ್ಟು ಜನ ಕೇಳಿದ್ದೀವಿ?

ನಾವು ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನ ಒಳಗಡೆ ಕೂತವರು. ಕನ್ನಡ ಅಕ್ಷರ ಕಲಿತದ್ದೇ ದೊಡ್ಡವರಾದ ಮೇಲೆ. ಹಾಗಾಗಿ ಭಾಷಾಶಾಸ್ತ್ರ ಹೇಳೋಕೆ ಬಂದಿಲ್ಲ. ಕೌಂಟರಿನ ಆಚೆ ನಿಂತು ಪಾಸ್‌ಬುಕ್ ಚಾಚಿ, "ನನ್ನ ಕಾಸು ಬಂತಾ ಮಗಾ?" ಅಂತ ಕೇಳುವವರ ವಿಷಯ ನಮಗೆ ಗೊತ್ತು. ಅದನ್ನೇ ಬರೀತೀವಿ.

ತಮಿಳುನಾಡಲ್ಲಿ ಮುದಿಯೋರ್ ಉದವಿತ್ತೊಗೈ, ಅಂದರೆ ಎಲ್ಲರ ಬಾಯಲ್ಲಿ ಓಡಾಡುವ 'ಓ.ಎ.ಪಿ.', 1962ರಲ್ಲಿ ತಿಂಗಳಿಗೆ 20 ರೂಪಾಯಿಯಿಂದ ಶುರುವಾಯ್ತು. ಕೇಂದ್ರ ಸರ್ಕಾರ ಕೈ ಜೋಡಿಸಿದ್ದು 1995ರ ಆಗಸ್ಟ್ 15ರಿಂದ. 2023ರ ಆಗಸ್ಟಲ್ಲಿ ರಾಜ್ಯ ಇದನ್ನು ಸಾವಿರದಿಂದ 1200ಕ್ಕೆ ಏರಿಸಿತು. ಇದರಲ್ಲಿ ಕೇಂದ್ರದ ಪಾಲು 79 ವಯಸ್ಸಿನವರೆಗೆ ಬರೀ 200, ಎಂಬತ್ತಾದ ಮೇಲೆ 500. ಆ 200 ಹದಿನೈದು ವರ್ಷಕ್ಕೂ ಮೇಲೆ ಅಲ್ಲೇ ನಿಂತಿದೆ. ಇಷ್ಟರಲ್ಲಿ ಟೀ ಎಷ್ಟಾಯ್ತು, ಮಾತ್ರೆ ಎಷ್ಟಾಯ್ತು ಅಂತ ದಿಲ್ಲಿಯವರಿಗೆ ಯಾರಾದರೂ ಹೇಳಬೇಕು.

ಮೊದಲ ಅಡ್ಡಿ ಆಫೀಸಲ್ಲಿಲ್ಲ, ನಮ್ಮ ಮನೆಯಲ್ಲೇ ಇದೆ. "ಒಕ್ಕಲಿಗ ಮನೆತನದವರು ಸರ್ಕಾರದ ಮುಂದೆ ಕೈ ಚಾಚೋದಾ?" ಅನ್ನುವ ಮಾತು. ಮಗ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ, ಸೊಸೆ ಕೂಲಿಗೆ, ತಾಯಿಗೆ ಎರಡು ಹೊತ್ತಿನ ಊಟ. ಆದರೂ ಅರ್ಜಿ ಹಾಕಿದರೆ ಮಗನ ಮರ್ಯಾದೆ ಹೋಗುತ್ತಂತೆ. ಈ ತಾಯಂದಿರು ಬೆಳಗಿನ ಜಾವ ನಾಲ್ಕಕ್ಕೆದ್ದು ಜೀಪಲ್ಲಿ ಒಬ್ಬರ ಮೇಲೊಬ್ಬರು ಕೂತು, ಕಂಬಂಮೆಟ್ಟು, ಕುಮಳಿ, ಬೋಡಿಮೆಟ್ಟು ಹತ್ತಿ ಇಡುಕ್ಕಿಯ ಏಲಕ್ಕಿ ತೋಟಕ್ಕೆ ಮೂವತ್ತು ನಲವತ್ತು ವರ್ಷ ಹೋಗಿ ಬಂದವರು. ಸೋಪು, ಬೆಂಕಿಪೊಟ್ಟಣ ಕೊಂಡಾಗೆಲ್ಲ ತೆರಿಗೆ ಕಟ್ಟಿದವರು. ಅವರ ಹಕ್ಕಿನ ಕಾಸು ಭಿಕ್ಷೆ ಹೇಗಾಗುತ್ತೆ?

ಇನ್ನೊಂದು ಮಾತನ್ನೂ ನೇರವಾಗಿ ಹೇಳ್ತೀವಿ. ಹತ್ತು ಎಕರೆ ದ್ರಾಕ್ಷಿ ಪಂದಲು ಇರುವ ಮಾವನಿಗೂ ಒಂದು ಓ.ಎ.ಪಿ. ಬರೆಸಿಕೊಡಿ ಅಂತ ಬರುವವರೂ ಇದ್ದಾರೆ. ನೆಂಟಸ್ತಿಕೆ ಏನೇ ಇರಲಿ, ಅವರಿಗೆ 'ಆಗಲ್ಲ' ಅನ್ನಬೇಕು. ಅಂಥ ಒಂದು ಅರ್ಜಿಯಿಂದ ನಿಜವಾಗಿ ಇಲ್ಲದವರ ಹತ್ತು ಅರ್ಜಿಗಳ ಮೇಲೆ ವಿ.ಎ.ಓ.ಗೆ ಅನುಮಾನ ಬರುತ್ತೆ.

ಈಗ ಹೆಸರಿನ ವಿಷಯ. ಇದು ನಮ್ಮದೇ ತೊಂದರೆ, ಬೇರೆಯವರಿಗೆ ಇಷ್ಟಿಲ್ಲ. ತಮಿಳು ಲಿಪಿಯಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರ, ಟ-ಡಕ್ಕೆ ಒಂದೇ, ತ-ದಕ್ಕೆ ಒಂದೇ, ಪ-ಬಕ್ಕೆ ಒಂದೇ. ಅದು ಆ ಲಿಪಿಯ ತಪ್ಪಲ್ಲ, ತಮಿಳಿಗೆ ಅಷ್ಟು ಸಾಕು. ಆದರೆ ಮನೆಯಲ್ಲಿ 'ದೊಡ್ಡಮ್ಮ' ಅನ್ನುವ ಹೆಸರಿನವರು ರೇಷನ್ ಕಾರ್ಡಿನ ತಮಿಳಿಗೆ ಹೋಗಿ, ಅಲ್ಲಿಂದ ಯಾರೋ ಇಂಗ್ಲಿಷಿಗೆ ಟೈಪ್ ಮಾಡುವಾಗ 'ತೊಟ್ಟಮ್ಮಾಳ್' ಆಗ್ತಾರೆ. ಗಿರಿಯಮ್ಮ 'ಕಿರಿಯಮ್ಮಾಳ್', ಬೊಮ್ಮಕ್ಕ 'ಪೊಮ್ಮಕ್ಕಾ'. ಆಧಾರ್ ಶಿಬಿರದಲ್ಲಿ ಮೊಮ್ಮಗ ಪಕ್ಕದಲ್ಲಿ ನಿಂತು ಸರಿಯಾಗಿ ಹೇಳಿದ್ದರೆ ಅಲ್ಲಿ 'ದೊಡ್ಡಮ್ಮ'. ಬ್ಯಾಂಕ್ ಖಾತೆ ರೇಷನ್ ಕಾರ್ಡ್ ನೋಡಿ ತೆರೆದಿದ್ದರೆ ಅಲ್ಲಿ 'ತೊಟ್ಟಮ್ಮಾಳ್'. ಇದರ ಮೇಲೆ ಇನಿಷಿಯಲ್ ಬೇರೆ: ಒಂದರಲ್ಲಿ ಅಪ್ಪನ ಹೆಸರಿನದು, ಇನ್ನೊಂದರಲ್ಲಿ ಗಂಡನದು. ಗಂಡ 'ಗೌಡ'ರಾಗಿದ್ದರೆ ಅಲ್ಲೂ ಗ ಹೋಗಿ ಕ. ಕಂಪ್ಯೂಟರಿಗೆ ಇವರು ಮೂರು ಬೇರೆ ಹೆಂಗಸರು.

ಭಾಷಾ ಅಲ್ಪಸಂಖ್ಯಾತರ ಸಮಸ್ಯೆ ಅಂದರೆ ಇದು. ಬೋರ್ಡಿನಲ್ಲಿ ಕನ್ನಡ ಇಲ್ಲ ಅನ್ನುವ ನೋವಿಗಿಂತ ಇದು ಸಣ್ಣದೇನಲ್ಲ, ಯಾಕಂದ್ರೆ ಇಲ್ಲಿ ಹೋಗೋದು ಊಟದ ಕಾಸು. ಆದ್ದರಿಂದ ಅರ್ಜಿ ಹಾಕುವ ಮೊದಲು ರೇಷನ್ ಕಾರ್ಡು, ಆಧಾರ್, ವೋಟರ್ ಐ.ಡಿ., ಪಾಸ್‌ಬುಕ್ ನಾಲ್ಕನ್ನೂ ಪಾಯ ಹಾಸಿ ಪಕ್ಕಪಕ್ಕ ಇಟ್ಟು ಒಂದೊಂದಕ್ಷರ ನೋಡಿ. ಯಾವ ಕಾಗುಣಿತ ಉಳಿಸಿಕೊಳ್ಳೋದು ಅಂತ ಮನೆಯವರು ಕೂತು ತೀರ್ಮಾನ ಮಾಡಿ. ಆಧಾರಲ್ಲಿ ಹೆಸರು ತಿದ್ದೋಕೆ ಜೀವಮಾನದಲ್ಲಿ ಎರಡೇ ಸಲ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ ಸಲ. ಅವಸರಕ್ಕೆ ತಿದ್ದಿಸಿ ಅದನ್ನು ಕಳಕೋಬೇಡಿ. ಎಷ್ಟೋ ಸಲ ಆಧಾರ್ ಮುಟ್ಟದೆ ರೇಷನ್ ಕಾರ್ಡು, ಪಾಸ್‌ಬುಕ್ ತಿದ್ದಿಸೋದೇ ಸುಲಭ.

ವಯಸ್ಸಿನದೂ ಅದೇ ಕಥೆ. ನಮ್ಮ ಹಿರಿಯರಿಗೆ ಜನನ ಪತ್ರ ಎಲ್ಲಿಂದ ಬರಬೇಕು? "ದೊಡ್ಡ ಮಳೆ ಬಂದ ವರ್ಷ" ಅಂತಾರೆ. ಶಿಬಿರದಲ್ಲಿ ಕೂತ ಹುಡುಗ ಮುಖ ನೋಡಿ ಒಂದು ವರ್ಷ ಹಾಕಿರ್ತಾನೆ. ಅರವತ್ತೈದು ಆದವರು ಕಾಗದದಲ್ಲಿ ಐವತ್ತೇಳು. ಆ ಒಂದೇ ಅವಕಾಶ ಇಂಥವರಿಗೆ ಬೇಕಾಗುತ್ತೆ.

ಅರ್ಜಿ ಎಲ್ಲಿ? ಇ-ಸೇವೈ ಕೇಂದ್ರದಲ್ಲಿ. ಅದನ್ನು ವಿ.ಎ.ಓ., ಆರ್.ಐ. ವಿಚಾರಿಸಿ, ತಾಲೂಕಿನಲ್ಲಿ ಸಾಮಾಜಿಕ ಭದ್ರತೆಗೆ ಅಂತಲೇ ಇರುವ ಸ್ಪೆಷಲ್ ತಾಸಿಲ್ದಾರ್ ತೀರ್ಮಾನ ಮಾಡ್ತಾರೆ. ಕಂಬಂ, ಗೂಡಲೂರು, ಚಿನ್ನಮನೂರಿನವರಿಗೆ ತಾಲೂಕು ಆಫೀಸು ಉತ್ತಮಪಾಳಯ. ರಶೀದಿಯ ನಂಬರ್ ಬರೆದಿಟ್ಟುಕೊಳ್ಳಿ. ತಿರಸ್ಕಾರ ಆದರೆ ಕಾರಣ ಏನು ಅಂತ ಕೇಳಿ, ಬಾಯಿಮಾತಿಗೆ ವಾಪಸ್ ಬರಬೇಡಿ. ಪ್ರತಿ ಸೋಮವಾರ ಕಲೆಕ್ಟರ್ ಆಫೀಸಲ್ಲಿ ಮನು ಕೊಡುವ ದಿನ ಇದೆ, ತೇನಿಯಲ್ಲೂ ದಿಂಡಿಗಲ್ಲಲ್ಲೂ. ಇದಕ್ಕೆಲ್ಲ ಸಾವಿರಗಟ್ಟಲೆ ಕೇಳುವ ದಲ್ಲಾಳಿ ಬೇಕಿಲ್ಲ. ಓದಿದ ಒಬ್ಬ ಮೊಮ್ಮಗಳು, ಅರ್ಧ ದಿನ ರಜೆ, ಇಷ್ಟು ಸಾಕು.

ಗಂಡ ತೀರಿಕೊಂಡವರಿಗೆ, ಗಂಡ ಬಿಟ್ಟು ಹೋದವರಿಗೆ, ಐವತ್ತು ದಾಟಿಯೂ ಮದುವೆಯಾಗದ ಬಡ ಹೆಂಗಸರಿಗೆ ಬೇರೆ ಬೇರೆ ಪಿಂಚಣಿ ಇವೆ. ಅರವತ್ತಾಗೋವರೆಗೆ ಕಾಯಬೇಕಿಲ್ಲ. ಚಿನ್ನಾಳಪಟ್ಟಿಯ ಕಡೆ ಮಗ್ಗದ ಮನೆಯವರು ಸಹಕಾರ ಸಂಘದ ಸದಸ್ಯರಾಗಿದ್ದರೆ ನೇಕಾರರ ಪಿಂಚಣಿ ಕೇಳಿ. ಕಟ್ಟಡ ಕೆಲಸ, ಕೂಲಿ ಮಾಡುವವರು ನಲವಾರಿಯಂನಲ್ಲಿ ಅರವತ್ತಾಗುವ ಮೊದಲೇ ಹೆಸರು ನೋಂದಾಯಿಸಿರಬೇಕು. ಅರವತ್ತಾದ ಮೇಲೆ ಹೋದರೆ ಬಾಗಿಲು ಮುಚ್ಚಿರುತ್ತೆ. ಐವತ್ತೈದರ ಚಿಕ್ಕಮ್ಮ ಮನೆಯಲ್ಲಿದ್ದರೆ ಈ ವಾರವೇ ನೋಡಿ.

ಮಂಜೂರಾದ ಮೇಲೆ ಬ್ಯಾಂಕು. ಇಲ್ಲಿ ನಮಗೆ ಸ್ವಲ್ಪ ಜಾಸ್ತಿ ಮಾತಾಡುವ ಅಧಿಕಾರ ಇದೆ ಅಂದುಕೊಳ್ತೀವಿ. ಹಿಂದೆ ಅಂಚೆಯಣ್ಣ ಮನಿಯಾರ್ಡರ್ ತಂದು ಕೈಗೆ ಕೊಟ್ಟು ಹೋಗ್ತಿದ್ದ. ಈಗ ಕಾಸು ಖಾತೆಗೆ ಬರುತ್ತೆ, ಖಾತೆ ಯಾವುದು ಅನ್ನೋದೇ ಗೊಂದಲ. 2014ರಲ್ಲಿ ಜನಧನ್ ಶುರುವಾದಾಗ ಶಿಬಿರದಲ್ಲಿ ಒಂದು ಖಾತೆ, ನೂರು ದಿನದ ಕೆಲಸಕ್ಕೆ ಇನ್ನೊಂದು, ಗುಂಪಿನ ಸಾಲಕ್ಕೆ ಮತ್ತೊಂದು. ಆಧಾರ್ ನಂಬರಿನ ಮೇಲೆ ಕಳಿಸುವ ಹಣ ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತೆ. "ಆರು ತಿಂಗಳಿಂದ ನಿಂತುಹೋಯ್ತು" ಅಂತ ಅಳುತ್ತ ಬರುವವರ ಕಾಸು ಇನ್ನೊಂದು ಬ್ಯಾಂಕಲ್ಲಿ ಜೋಪಾನವಾಗಿ ಕೂತಿರುತ್ತೆ. ಆಧಾರ್ ವೆಬ್‌ಸೈಟಲ್ಲಿ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ಎರಡು ನಿಮಿಷದಲ್ಲಿ ತಿಳಿಯುತ್ತೆ. ತಾಲೂಕು ಆಫೀಸಿಗೆ ಓಡುವ ಮುಂಚೆ ಅದನ್ನು ನೋಡಿ.

ಮತ್ತೆ ಬೆರಳು. ಏಲಕ್ಕಿ ಬಿಡಿಸಿ, ಕಳೆ ಕಿತ್ತು, ನೂಲು ಎಳೆದು ಸವೆದ ಬೆರಳನ್ನು ಆ ಯಂತ್ರ ಗುರುತಿಸೋದಿಲ್ಲ. "ರೇಖೆ ಬೀಳ್ತಿಲ್ಲ, ನಾಳೆ ಬನ್ನಿ" ಅಂತ ವಾಪಸ್ ಕಳಿಸೋದು ಎಷ್ಟೋ ಕಡೆ ನಡೆಯುತ್ತೆ. ನಾಳೆ ಬಂದರೆ ಬೆರಳು ಹೊಸದಾಗುತ್ತಾ? ಯಂತ್ರ ಒಪ್ಪದಿದ್ದರೆ ಪಾಸ್‌ಬುಕ್ ತಗೊಂಡು ಶಾಖೆಗೇ ಹೋಗಿ, ಚೀಟಿ ಬರೆದು ಹೆಬ್ಬೆಟ್ಟು ಒತ್ತಿ ಹಣ ತೆಗೆಯುವ ದಾರಿ ಇನ್ನೂ ಇದೆ. ಕಾಯಿಲೆಯಿಂದ ಹಾಸಿಗೆ ಹಿಡಿದವರು ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆರಳಿನ, ಅದೂ ಆಗದಿದ್ದರೆ ಕಾಲಿನ ಹೆಬ್ಬೆರಳಿನ ಗುರುತು ಹಾಕಬಹುದು. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿ ಅಧಿಕಾರಿ ಆಗಿರಬೇಕು. ಇದು ರಿಸರ್ವ್ ಬ್ಯಾಂಕಿನದೇ ನಿಯಮ. ಎಪ್ಪತ್ತು ದಾಟಿದವರಿಗೆ ಮನೆಬಾಗಿಲಿಗೆ ಸೇವೆ ಕೊಡಬೇಕು ಅಂತಲೂ 2017ರ ನವೆಂಬರಲ್ಲಿ ಹೇಳಿದೆ. ಸರ್ಕಾರದ ಯೋಜನೆಗೆ ಅಂತ ತೆರೆದ ಸೊನ್ನೆ ಬ್ಯಾಲೆನ್ಸಿನ ಖಾತೆಯನ್ನು ಎರಡು ವರ್ಷ ವಹಿವಾಟಿಲ್ಲ ಅಂತ ನಿಷ್ಕ್ರಿಯ ಮಾಡಬಾರದು ಅನ್ನೋದು 2024ರ ಏಪ್ರಿಲಿನಿಂದ ಜಾರಿಯಲ್ಲಿದೆ. ಇವನ್ನೆಲ್ಲ ಗಟ್ಟಿಯಾಗಿ, ಆದರೆ ಜಗಳ ಆಡದೆ ಕೇಳಿ. ಕೌಂಟರಿನ ಒಳಗಿರುವವರ ಮುಂದೆ ನೂರು ಜನ ನಿಂತಿರ್ತಾರೆ. ನಿಯಮ ಗೊತ್ತಿರುವವರು ಬಂದರೆ ನಮಗೂ ಕೆಲಸ ಮಾಡೋಕೆ ದಾರಿ ಆಗುತ್ತೆ.

ಎ.ಟಿ.ಎಂ. ಕಾರ್ಡು ಮೊಮ್ಮಗನ ಕೈಯಲ್ಲಿರುವ ಮನೆಗಳೂ ಇವೆ. ಅಜ್ಜಿಗೆ 1200 ಬಂದಿದ್ದು ಗೊತ್ತೇ ಇರೋದಿಲ್ಲ. ಇದನ್ನು ಹೇಳಿದರೆ ಕೆಲವರಿಗೆ ಕೋಪ ಬರುತ್ತೆ, ಬರಲಿ.

ಮನೆಯ ವಿಷಯ ಇನ್ನೂ ಕಷ್ಟ. 2024ರ ಫೆಬ್ರವರಿಯ ಬಜೆಟಲ್ಲಿ ರಾಜ್ಯ ಸರ್ಕಾರ 'ಕಲೈಞರ್ ಕನವು ಇಲ್ಲಂ' ಪ್ರಕಟಿಸಿತು. 2030ರೊಳಗೆ ಗುಡಿಸಲುಗಳ ಜಾಗದಲ್ಲಿ 8 ಲಕ್ಷ ಕಾಂಕ್ರೀಟ್ ಮನೆ, ಒಂದಕ್ಕೆ 3.5 ಲಕ್ಷ, 360 ಚದರಡಿ. ಒಳ್ಳೆಯ ಯೋಜನೆ. ಆದರೆ ಅದು ಗ್ರಾಮ ಪಂಚಾಯತಿಗಳಿಗೆ. ತೇನಿ ಜಿಲ್ಲೆಯಲ್ಲಿ 6 ನಗರಸಭೆ, 22 ಪೇರೂರಾಟ್ಚಿ ಇವೆ. ನಮ್ಮ ಎಷ್ಟೋ 'ಹಳ್ಳಿ'ಗಳು ಕಾಗದದ ಮೇಲೆ ಪಟ್ಟಣ. ಓಲೆಗರಿ ಮಾಡಿನ ಮನೆ, ಮುಂದೆ ಹಸು, ಹಿಂದೆ ಗದ್ದೆ, ಆದರೂ ಪಟ್ಟಣ! ಅಲ್ಲಿಯವರು ಪ್ರಧಾನಮಂತ್ರಿ ಆವಾಸ್‌ನ ನಗರ ಯೋಜನೆಗೆ ಹೋಗಬೇಕು. ಅದರ ಎರಡನೇ ಹಂತ 2024ರ ಸೆಪ್ಟೆಂಬರಿನಿಂದ ಇದೆ. ಯಾವುದಕ್ಕೆ ಹೋಗಬೇಕು ಅಂತ ಗೊತ್ತಿಲ್ಲದೆ ಬಿ.ಡಿ.ಓ. ಆಫೀಸಿನಿಂದ ಪೇರೂರಾಟ್ಚಿಗೆ, ಅಲ್ಲಿಂದ ಇಲ್ಲಿಗೆ ಅಲೆದು ಕೈಬಿಟ್ಟವರು ಬಹಳ.

ಎರಡಕ್ಕೂ ಬೇಕಾದ್ದು ಪಟ್ಟಾ. ನತ್ತಂ ಜಾಗದಲ್ಲಿ ಮೂರು ತಲೆಮಾರು ಬಾಳಿದರೂ ಪಟ್ಟಾ ತಾತನ ಹೆಸರಲ್ಲೋ, ಇಲ್ಲವೇ ಯಾರ ಹೆಸರಲ್ಲೂ ಇಲ್ಲವೋ. ವಾರಸು ಪತ್ರ ತೆಗೆದು ಹೆಸರು ಬದಲಾಯಿಸೋದು ಅಣ್ಣ ತಮ್ಮಂದಿರು ಒಟ್ಟಿಗೆ ಕೂತರೆ ಮಾತ್ರ ಆಗುವ ಕೆಲಸ. ನಮ್ಮಲ್ಲಿ ಒಟ್ಟಿಗೆ ಕೂರೋದು ಸಾವಿಗೆ, ತೇರಿಗೆ.

ಇಲ್ಲಿ ಒಂದು ಎಚ್ಚರಿಕೆ. ಮನೆ ಮಂಜೂರಾಗಲಿ ಅಂತ ಅವ್ವನಿಂದ ಜಾಗವನ್ನು ಮಗನ ಹೆಸರಿಗೆ ಸೆಟ್ಲ್‌ಮೆಂಟ್ ಬರೆಸಿಕೊಳ್ತಾರೆ. ಹೊಸ ಮನೆ ಏಳುತ್ತೆ, ಅವ್ವ ಹಿಂದಿನ ತಗಡಿನ ಶೆಡ್ಡಲ್ಲೇ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ಆದರೆ ಷರತ್ತು ಇರಬೇಕು ಅಂತ 2022ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಪತ್ರದಲ್ಲಿ "ನನ್ನ ಜೀವ ಇರುವವರೆಗೆ ಇದೇ ಮನೆಯಲ್ಲಿ ಇಟ್ಟುಕೊಂಡು ನೋಡಿಕೊಳ್ಳಬೇಕು" ಅನ್ನುವ ಸಾಲು ಇರಲೇಬೇಕು. ಬರೆಯುವವರಿಗೆ ಹೇಳಿ ಹಾಕಿಸಿ. ದೂರು ಕೊಡುವುದಾದರೆ ಆರ್.ಡಿ.ಓ. ಹತ್ತಿರ, ನಮ್ಮ ಜಿಲ್ಲೆಯಲ್ಲಿ ಪೆರಿಯಕುಳಂ ಅಥವಾ ಉತ್ತಮಪಾಳಯ. ಫೋನಲ್ಲಿ ಕೇಳಬೇಕಾದರೆ ಹಿರಿಯರ ಸಹಾಯವಾಣಿ 14567.

ಸರ್ಕಾರದ ಮುಂದೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ಸಂವಿಧಾನದ 350ನೇ ವಿಧಿ ಪ್ರಕಾರ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕುಂದುಕೊರತೆಯ ಮನು ಕೊಡಬಹುದು. ತಮಿಳಲ್ಲಿ ಬರೆದು ಕೊಡೋದಕ್ಕೆ ನಮಗೆ ಯಾವ ತಕರಾರೂ ಇಲ್ಲ, ತಮಿಳು ನಮಗೆ ಅನ್ನ ಕೊಟ್ಟ ಭಾಷೆ. ನಾವು ಕೇಳೋದು ಇಷ್ಟೇ: ಉತ್ತಮಪಾಳಯ, ಬೋಡಿ ತಾಲೂಕು ಆಫೀಸುಗಳಲ್ಲಿ ಮನು ದಿನ ಕನ್ನಡ ಬಲ್ಲ ಒಬ್ಬರು ಇರಲಿ, ಮತ್ತು ಕ-ಗ, ತ-ದ ವ್ಯತ್ಯಾಸದ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸಬೇಡಿ ಅಂತ ಕಲೆಕ್ಟರ್ ಒಂದು ಸುತ್ತೋಲೆ ಕಳಿಸಲಿ. ಇದರ ಪ್ರತಿ ಚೆನ್ನೈನಲ್ಲಿರುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಪ್ರಾದೇಶಿಕ ಕಚೇರಿಗೂ ಹೋಗಬೇಕು. ಹೆಸರು ಕೆಟ್ಟುಹೋದ ದಾಖಲೆಗಳ ನಕಲು ಜೊತೆಗಿದ್ದರೆ ಮನುವಿಗೆ ತೂಕ ಬರುತ್ತೆ. ನಿಮ್ಮ ಮನೆಯ ಹಿರಿಯರದ್ದು ಇದ್ದರೆ ಅವರನ್ನು ಕೇಳಿ, ಅವರು ಒಪ್ಪಿದರೆ ನಕಲು ತೆಗೆದಿಡಿ. ಆಧಾರ್ ನಂಬರಿನ ಮೊದಲ ಎಂಟು ಅಂಕಿ ಮರೆಮಾಡಿ. ಇಲ್ಲಿ ಹಾಕಬೇಡಿ, ಕೈಯಲ್ಲೇ ತನ್ನಿ.